ನೀರು ಬಿಟ್ಟ ಕೋಸಂಬರಿ

ಹೋದ ಚಳಿಗಾಲದಲ್ಲಿ ನಮ್ಮ ಬಡಾವಣೆಯ ಮಹಿಳಾ ಮಂಡಳದವರು ‘ಆರೋಗ್ಯಕ್ಕಾಗಿ ಸಲಾಡ್’ ಎಂಬ ಒಂದು ಮಧ್ಯಾಹ್ನದ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಗಾಜಿನ ಬೋಗುಣಿಗಳು, ಅವುಗಳಲ್ಲಿ ಲೆಟ್ಯೂಸು, ಬ್ರೊಕೋಲಿ, ಗೋಲಿಯಷ್ಟು ಗಾತ್ರದ ಟೊಮೆಟೊ, ಪಕ್ಕದಲ್ಲಿ ಆಲಿವ್ ಎಣ್ಣೆಯ ಬಾಟಲಿ. ಕಲಿಸಲು ಬಂದವಳು ಆಹಾರಶಾಸ್ತ್ರ ಓದಿದ, ನನ್ನ ಮಗಳ ವಯಸ್ಸಿನ, ನಗುಮುಖದ ಹುಡುಗಿ. ಚೆನ್ನಾಗಿಯೇ ಮಾತಾಡಿದಳು. ಆದರೆ ಮಾತಿನ ಮಧ್ಯೆ, “ನಮ್ಮಲ್ಲಿ ಹಸಿ ತರಕಾರಿ ತಿನ್ನುವ ಸಂಸ್ಕೃತಿಯೇ ಇಲ್ಲ, ಎಲ್ಲವನ್ನೂ ಬೇಯಿಸಿ ಬೇಯಿಸಿ ಸತ್ವ ತೆಗೆದುಬಿಡುತ್ತೇವೆ” ಎಂದುಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಕೋಸಂಬರಿ?” ಎಂದೆ. “ಅದು ಪ್ರಸಾದ ಅಲ್ವಾ ಆಂಟಿ” ಎಂದಳು.

ಈ ಮಾತಿಗೆ ಉತ್ತರ ಕೊಡಲು ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾಕೆ ಎದ್ದಳು. ಆಕೆಯ ಪ್ರಶ್ನೆ ಬೇರೆಯೇ ಇತ್ತು. “ಉಪ್ಪು ಹಾಕಿದ ಮ್ಯಾಲೆ ಹತ್ತು ನಿಮಿಷದಾಗ ತಿನ್ನಬೇಕು ಅಂತೀರಿ. ಆ ಹತ್ತು ನಿಮಿಷ ನಾ ಹಂಚಿನ ಮುಂದ ನಿಂತಿರ್ತೀನ್ರೀ. ಅಂದ್ರ ನಾ ಯಾವಾಗ ತಿನ್ನಲಿ?”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆ ಹುಡುಗಿಯೂ ನಗುತ್ತಲೇ, “ಅದನ್ನ ನೀವೇ ಸ್ವಲ್ಪ ಟೈಮ್ ಮ್ಯಾನೇಜ್ ಮಾಡ್ಕೋಬೇಕು” ಎಂದಳು. ಆಕೆ ಕೂತುಕೊಂಡಳು. ಕಾರ್ಯಕ್ರಮ ಮುಗಿಯಿತು, ಚಹಾ ಬಿಸ್ಕತ್ತು ಬಂತು. ಮನೆಗೆ ಬಂದ ಮೇಲೆ ನನ್ನ ನಗುವಿನ ಬಗ್ಗೆಯೇ ನನಗೆ ನಾಚಿಕೆಯಾಯಿತು. ಈ ಬರಹ ಆ ನಗುವಿನ ಮೇಲೆ, ಆ ಉತ್ತರದ ಮೇಲೆ ನನ್ನ ಜಗಳ.

ಸುಲಭದ ಜಗಳವನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಹಸಿ ತಿನ್ನುವ ರೂಢಿ ಇಲ್ಲವೆಂಬುದು ಶುದ್ಧ ಸುಳ್ಳು. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿ ಎಲೆ ಹಾಕಿದ ಮೇಲೆ ಉಪ್ಪು, ಉಪ್ಪಿನಕಾಯಿಯ ಬೆನ್ನಿಗೇ ಬರುವುದು ಕೋಸಂಬರಿ. ಅನ್ನ ಬರುವುದು ಆಮೇಲೆ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿದರೆ ಸಾಕು, ಒಲೆಯ ಹಂಗಿಲ್ಲ. ಯುಗಾದಿಯ ಹೊತ್ತಿಗೆ ಅದಕ್ಕೆ ತೋತಾಪುರಿ ಮಾವಿನಕಾಯಿಯ ತುರಿ ಬಿದ್ದರೆ ನಿಂಬೆಹಣ್ಣು ಬೇಡ. ರಾಮನವಮಿಗೆ ಎಳೆ ಸೌತೆಕಾಯಿ. ಮಳೆಗಾಲ ಮುಗಿಯುವ ಹೊತ್ತಿಗೆ ಗೌರಿ ಹಬ್ಬ, ನವರಾತ್ರಿ. ಆಗ ಕಡಲೆಬೇಳೆಯ ಕೋಸಂಬರಿ, ಅದನ್ನು ಮಾತ್ರ ಮೂರು ನಾಲ್ಕು ಗಂಟೆ ನೆನೆಸದಿದ್ದರೆ ಹಲ್ಲಿಗೆ ಕೆಲಸ. ಚಳಿಗಾಲ ಬಂತೆಂದರೆ ನಮ್ಮಮ್ಮ ನವಿಲುಕೋಸನ್ನು ಹಸಿಯಾಗಿಯೇ ತುರಿದು, ದಾಳಿಂಬೆ ಕಾಳು ಉದುರಿಸಿ ಕಲಸುತ್ತಿದ್ದಳು. ಮೂಲಂಗಿಯ ತುರಿಗೆ ಮೊಸರು ಹಾಕುತ್ತಿದ್ದಳು. ಮನೆಯ ಹಿತ್ತಲಲ್ಲಿ ಬಾಳೆ ಗೊನೆ ಕಡಿದ ದಿನ ಬಾಳೆದಿಂಡಿನ ಕೋಸಂಬರಿ ತಪ್ಪುತ್ತಿರಲಿಲ್ಲ. ದಿಂಡನ್ನು ತೆಳ್ಳಗೆ ಬಿಲ್ಲೆ ಹೆಚ್ಚುವಾಗ ಬರುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಹೋಳುಗಳನ್ನು ಕಪ್ಪಾಗದ ಹಾಗೆ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗುವ ಕೆಲಸ. ಮಕ್ಕಳಾದ ನಮಗೆ ಆ ನಾರಿನ ಉಂಗುರ ತೊಡುವುದೇ ಒಂದು ಆಟ.

ಮಲೆನಾಡು, ಕರಾವಳಿಯವರಿಗೆ ಈ ಪಾಠ ಹೇಳಲು ಹೋದರಂತೂ ಅವರು ತಂಬುಳಿಯ ಪಟ್ಟಿಯನ್ನೇ ಒಪ್ಪಿಸಿಯಾರು. ಒಂದೆಲಗವನ್ನು ಹಸಿಯಾಗಿ ತೆಂಗಿನಕಾಯಿಯ ಜೊತೆ ರುಬ್ಬಿ ಮಜ್ಜಿಗೆ ಬೆರೆಸುವವರಿಗೆ ಯಾವ ಲೆಟ್ಯೂಸಿನ ಹಂಗು?

1986ರಲ್ಲಿ ಮದುವೆಯಾಗಿ ಧಾರವಾಡಕ್ಕೆ ಬಂದಾಗ ನನಗೆ ಮೊದಲು ಬೆರಗು ಹುಟ್ಟಿಸಿದ್ದು ಇಲ್ಲಿಯ ತಟ್ಟೆ. ಜೋಳದ ರೊಟ್ಟಿಯ ಪಕ್ಕಕ್ಕೆ ಒಂದು ಹಿಡಿ ಹಸಿ ಮೆಂತ್ಯ, ಉಳ್ಳಾಗಡ್ಡಿಯ ತಪ್ಪಲು, ಉದ್ದಕ್ಕೆ ಸೀಳಿದ ಸೌತೆಕಾಯಿ, ಗಜ್ಜರಿ, ಮೂಲಂಗಿ, ಅದರ ಎಳೆ ಎಲೆ. ಹಕ್ಕರಕಿಯನ್ನು ನಾನು ಮೊದಲು ನೋಡಿದ್ದು ಇಲ್ಲಿಯೇ. ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಸೊಪ್ಪು. (ಇಲ್ಲಿ ಸೊಪ್ಪಿಗೇ ಪಲ್ಯ ಎನ್ನುತ್ತಾರೆ. ‘ಪಲ್ಯ ತೊಳೀಬೇಕು’ ಎಂದು ಅತ್ತೆ ಹೇಳಿದಾಗ, ಮಾಡಿಟ್ಟ ಪಲ್ಯವನ್ನು ಏಕೆ ತೊಳೆಯಬೇಕೆಂದು ನಾನು ಕಣ್ಣುಬಿಟ್ಟು ನಿಂತದ್ದು ನಮ್ಮ ಮನೆಯಲ್ಲಿ ಇವತ್ತಿಗೂ ನಗೆಯ ಮಾತು.) ಮೆಂತ್ಯವನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾ ಪುಡಿ ಅಥವಾ ಗುರೆಳ್ಳು ಪುಡಿ, ಒಂದು ಚಮಚ ಹಸಿ ಎಣ್ಣೆ ಹಾಕಿ ಕೈಯಲ್ಲಿ ಕಲಸಿದರೆ ಅದು ಪಚಡಿ. ಮೆಂತ್ಯದ ಕಹಿ, ಶೇಂಗಾದ ಸಿಹಿ, ಉಳ್ಳಾಗಡ್ಡಿಯ ಖಾರ ಮೂರೂ ಬಾಯಲ್ಲಿ ಜಗಳಾಡುತ್ತಾ ಹೋಗುತ್ತವೆ. ಎರಡು ರೊಟ್ಟಿ ಹೆಚ್ಚಿಗೆ ಇಳಿಯುತ್ತದೆ.

ಆದ್ದರಿಂದ ಆಲಿವ್ ಎಣ್ಣೆಯ ಬಾಟಲಿಯನ್ನು ತೆಗೆದಿಡಿ. ನಮ್ಮ ಒಗ್ಗರಣೆಯ ಎಣ್ಣೆಗೂ ತೆಂಗಿನ ತುರಿಗೂ ಅರ್ಥವಿದೆ. ಗಜ್ಜರಿಯಲ್ಲಿರುವ ಎ ಜೀವಸತ್ವದ ಅಂಶ ದೇಹಕ್ಕೆ ಸೇರಬೇಕಾದರೆ ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು. ನಿಂಬೆಹಣ್ಣಿಗೆ ಅದಕ್ಕಿಂತ ದೊಡ್ಡ ಅರ್ಥವಿದೆ. ಬೇಳೆಯಲ್ಲಿ, ಸೊಪ್ಪಿನಲ್ಲಿ ಇರುವ ಕಬ್ಬಿಣ ನಮ್ಮ ರಕ್ತಕ್ಕೆ ಸುಲಭವಾಗಿ ಸೇರುವಂಥದಲ್ಲ. ಅದರ ಜೊತೆಯಲ್ಲಿಯೇ ಸಿ ಜೀವಸತ್ವ ಹೊಟ್ಟೆಗೆ ಹೋದರೆ ಹೆಚ್ಚು ಸೇರುತ್ತದೆ. ಹೆಸರುಬೇಳೆಯ ಮೇಲೆ ನಿಂಬೆರಸ ಹಿಂಡಿದ ಯಾರೋ ಅಜ್ಜಿಗೆ ಇದು ಗೊತ್ತಿರಲಿಕ್ಕಿಲ್ಲ, ನಾಲಿಗೆಗೆ ಹಿತವಾಯಿತೆಂದು ಹಿಂಡಿದಳು. ಇರಲಿ, ಸರಿಯಾದದ್ದನ್ನೇ ಮಾಡಿದಳು.

ಇಷ್ಟು ಹೇಳಿ ನಮ್ಮ ಹಿರಿಮೆಗೆ ನಾವೇ ಬೆನ್ನು ತಟ್ಟಿಕೊಂಡು ಎದ್ದು ಹೋಗಬಹುದಿತ್ತು. ಆದರೆ ಆ ಹುಡುಗಿಯ ‘ಪ್ರಸಾದ’ ಎಂಬ ಮಾತು ಪೂರ್ತಿ ತಪ್ಪೂ ಅಲ್ಲ. ಪಟ್ಟಣಕ್ಕೆ ಬಂದ ಮೇಲೆ ಕೋಸಂಬರಿಯನ್ನು ನಾವು ಹಬ್ಬಕ್ಕೆ, ಮದುವೆಯ ಎಲೆಯ ತುದಿಗೆ ಅಟ್ಟಿದ್ದೇವೆ. ಎಲೆಯ ಮೇಲೆ ಒಂದು ಚಮಚ, ಶಾಸ್ತ್ರಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ತರಕಾರಿ! ಎರಡು ಕಿಲೋ ಹೆಚ್ಚುವ ಕೈ ಯಾರದು ಎಂಬ ಪ್ರಶ್ನೆ ಬೇರೆ. ಅಷ್ಟನ್ನೂ ಸಾರು ಪಲ್ಯದಲ್ಲಿಯೇ ಮುಗಿಸುತ್ತೇನೆ ಎನ್ನುವವಳು ಜಾಣೆ ಎನ್ನಬೇಕು. ಒಂದು ಪಾಲಾದರೂ ಹಸಿಯಾಗಿ ಹೋದರೆ ಕೆಲಸವೂ ಹಗುರ, ಗ್ಯಾಸೂ ಉಳಿತಾಯ.

ಹಸಿ ಬೇಡ ಎನ್ನುವ ಹಿರಿಯರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಅವರು ಶೀತ ಎನ್ನುತ್ತಾರೆ, ವಾಯು ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಅವರ ಅಂಜಿಕೆಯನ್ನು ಒಪ್ಪುತ್ತೇನೆ. ಚರಂಡಿಯ ನೀರಿನಲ್ಲಿ ಬೆಳೆದ ಸೊಪ್ಪು ಸಂತೆಗೆ ಬರುತ್ತದೆಂಬುದು ಗುಟ್ಟಲ್ಲ. ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತು ಹರಿಯುವ ವೃಷಭಾವತಿಯ ದಂಡೆಯಲ್ಲಿ ಏನು ಬೆಳೆಯುತ್ತಾರೆಂದು ಆ ಕಡೆಯವರಿಗೆ ಗೊತ್ತು. ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ ಲಾಡಿಹುಳುವಿನ ತತ್ತಿ ಹೊಟ್ಟೆ ಸೇರಿ, ಮರಿ ಮೆದುಳಿನಲ್ಲಿ ಮನೆ ಮಾಡಿ ಮೂರ್ಛೆರೋಗ ತರಿಸುವುದುಂಟು. ಹಾಗಾಗಿ ಸೊಪ್ಪನ್ನು ನಲ್ಲಿಯ ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ಮೂರು ನಾಲ್ಕು ಸಲ ತೊಳೆಯದೆ ನಾನು ಹಸಿಯಾಗಿ ಕೊಡುವುದಿಲ್ಲ. ಆಷಾಢ ಶ್ರಾವಣದ ಜಡಿಮಳೆಯಲ್ಲಂತೂ ಸೊಪ್ಪು ಹಸಿಯಾಗಿ ಬೇಡವೇ ಬೇಡ. ಆಗ ಸಿಪ್ಪೆ ತೆಗೆಯಬಹುದಾದ ಸೌತೆಕಾಯಿ, ಮೂಲಂಗಿ ಸಾಕು. ಮೊಳಕೆ ಕಾಳನ್ನು ಐದು ನಿಮಿಷ ಹಬೆಯಲ್ಲಿಟ್ಟು ಹಾಕುತ್ತೇನೆ. ಅವರೆಕಾಳನ್ನು ಹಸಿಯಾಗಿ ಎಂದೂ ಇಲ್ಲ. ಆದರೆ ಗಮನಿಸಿ, ಈ ತೊಳೆಯುವ ಕೆಲಸ ಯಾವ ಅಡುಗೆ ಪುಸ್ತಕದಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ‘ತೊಳೆದು ಹೆಚ್ಚಿದ ಮೆಂತ್ಯ ಒಂದು ಬಟ್ಟಲು’ ಎಂದು ಬರೆದಿರುತ್ತಾರೆ. ಆ ಒಂದು ಬಟ್ಟಲಿಗೆ ಬೇರು ಕತ್ತರಿಸಿ, ಮಣ್ಣು ಕೊಡವಿ, ಹಳದಿ ಎಲೆ ಆರಿಸಿ ಕೂತವಳ ಅರ್ಧ ಗಂಟೆ ಯಾರ ಲೆಕ್ಕಕ್ಕೆ?

ಅಲ್ಲಿಂದ ಮತ್ತೆ ಹಿಂದಿನ ಸಾಲಿನ ಆಕೆಯ ಪ್ರಶ್ನೆಗೆ ಬಂದೆ.

ಸಲಾಡ್ ಎಂಬ ಶಬ್ದವೇ ಲ್ಯಾಟಿನ್ನಿನ ಉಪ್ಪು ಎಂಬ ಶಬ್ದದಿಂದ ಬಂದದ್ದು. ಉಪ್ಪು ಹಾಕಿದ್ದು ಎಂದಷ್ಟೇ ಅದರ ಅರ್ಥ. ಈ ಉಪ್ಪಿನಲ್ಲೇ ಇರುವುದು ನಮ್ಮ ಕಥೆ. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಹೆಚ್ಚಿ ಉಪ್ಪು ಸೋಕಿಸಿದ ಕ್ಷಣದಿಂದ ಉಪ್ಪು ಆ ನೀರನ್ನು ಹೊರಗೆಳೆಯತೊಡಗುತ್ತದೆ. ಹತ್ತು ನಿಮಿಷಕ್ಕೆ ಹೋಳು ಬೆವರುತ್ತದೆ, ಅರ್ಧ ಗಂಟೆಗೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ, ಒಂದು ಗಂಟೆಗೆ ಬೇಳೆ ಆ ನೀರಿನಲ್ಲಿ ತೇಲುತ್ತಿರುತ್ತದೆ. ಸಾರನ್ನು ಮತ್ತೆ ಬಿಸಿ ಮಾಡಬಹುದು. ಹುಳಿ ಮರುದಿನಕ್ಕೆ ಇನ್ನೂ ರುಚಿ ಎನ್ನುವವರಿದ್ದಾರೆ. ಕೋಸಂಬರಿಗೆ ಆ ಭಾಗ್ಯವಿಲ್ಲ. ಅದಕ್ಕೆ ಇರುವುದು ಕಾಲು ಗಂಟೆಯ ಆಯುಸ್ಸು. ಆ ಕಾಲು ಗಂಟೆಯಲ್ಲಿ ಯಾರು ಕೂತಿರುತ್ತಾರೋ ಅವರಿಗೆ ಕೋಸಂಬರಿ. ಯಾರು ನಿಂತಿರುತ್ತಾರೋ ಅವರಿಗೆ ನೀರು.

ಲೆಕ್ಕ ಹಾಕಿ ನೋಡಿ. ಐದು ಜನಕ್ಕೆ ಇಪ್ಪತ್ತು ಚಪಾತಿ. ಲಟ್ಟಿಸಿ ಬೇಯಿಸಿ ಉಬ್ಬಿದ್ದನ್ನು ಉಬ್ಬಿದ ಹಾಗೆಯೇ ತಟ್ಟೆಗೆ ಹಾಕಬೇಕೆಂದರೆ ಎಷ್ಟೇ ಕೈ ಚುರುಕಿದ್ದರೂ ಅರ್ಧ ಗಂಟೆ. ನಡುವೆ ಒಬ್ಬರಿಗೆ ನೀರು, ಒಬ್ಬರಿಗೆ ಮೊಸರು. ಆಮೇಲೆ ಮಕ್ಕಳು ಕೈತೊಳೆದು ಎದ್ದ ಜಾಗ ಒರೆಸಿ, ತನ್ನ ತಟ್ಟೆ ಹಿಡಿದು ಕೂರುವ ಹೊತ್ತಿಗೆ ಮುಕ್ಕಾಲು ಗಂಟೆ. ಈ ಮುಕ್ಕಾಲು ಗಂಟೆಯನ್ನು ಅವಳು ಹೇಗೆ ‘ಮ್ಯಾನೇಜ್’ ಮಾಡಬೇಕು? ಹೊತ್ತು ಅವಳ ಕೈಯಲ್ಲಿದ್ದರಲ್ಲವೆ ಮ್ಯಾನೇಜ್ ಮಾಡುವುದು.

ನಮ್ಮಮ್ಮನ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮದು ತುಂಬಿದ ಮನೆ. ಅಪ್ಪ, ಇಬ್ಬರು ತಮ್ಮಂದಿರು, ಓದಲಿಕ್ಕೆಂದು ಹಳ್ಳಿಯಿಂದ ಬಂದು ನಿಂತ ಹುಡುಗರು, ಹೋಗಿ ಬರುವ ನೆಂಟರು. ಒಂದೂವರೆಗೆ ಮೊದಲ ಪಂಕ್ತಿ, ಎರಡೂಕಾಲಿಗೆ ಎರಡನೆಯದು. ಅಮ್ಮ ಕೂರುತ್ತಿದ್ದುದು ಮೂರು ಗಂಟೆಗೆ, ಅಡುಗೆಮನೆಯ ಬಾಗಿಲ ಹಿಂದೆ, ಮಣೆಯನ್ನೂ ಹಾಕಿಕೊಳ್ಳದೆ. ಕೋಸಂಬರಿಯ ಪಾತ್ರೆಯನ್ನು ತಟ್ಟೆಗೆ ಬಗ್ಗಿಸಿದರೆ ಮೊದಲು ನೀರು ಸುರಿಯುತ್ತಿತ್ತು, ಆಮೇಲೆ ಬೇಳೆ, ಕೊನೆಗೆ ಮೆತ್ತಗಾದ ನಾಲ್ಕು ಹೋಳು. ಬೇಸಿಗೆಯಲ್ಲಿ ಅಷ್ಟು ಹೊತ್ತಿಗೆ ತೆಂಗಿನ ತುರಿಗೆ ವಾಸನೆಯೂ ಬಂದಿರುತ್ತಿತ್ತು. ಅವಳು ಅದನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದಳು, ಚೆಲ್ಲುವುದು ಪಾಪವೆಂದು. “ಸತ್ವವೆಲ್ಲ ನೀರಿನಲ್ಲೇ ಇರೋದು, ಎಲ್ಲಾ ನಿನಗೇ” ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು. ಮೂರೂವರೆಗೆ ಅಪ್ಪನ ಕಾಫಿಯ ಹೊತ್ತು. ಅವರಿಗೆ ಮಾಡಿದಾಗ ಅಮ್ಮನೂ ಅರ್ಧ ಲೋಟ ಕುಡಿಯುತ್ತಿದ್ದಳು. ದಿನದಲ್ಲಿ ಅವಳು ಅಪ್ಪನ ಎದುರು ಕೂತು ಕುಡಿಯುತ್ತಿದ್ದುದು ಅದೊಂದೇ.

1997ರ ಬೇಸಿಗೆಯಲ್ಲಿ ಅಮ್ಮ ಮಹಡಿ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಕೂತುಬಿಟ್ಟಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳಕ್ಕೂ ಕಡಿಮೆ. ವೈದ್ಯರು ಒಳ್ಳೆಯವರೇ. ಆದರೆ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ಕಿವಿಯಲ್ಲಿದೆ: “ಏನಮ್ಮಾ, ಸೊಪ್ಪು ತರಕಾರಿ ತಿನ್ನೋದಿಲ್ವಾ ನೀವು?” ಅಪ್ಪ ಪಕ್ಕದಿಂದ, “ಮನೇಲಿ ದಿನಾ ಮಾಡ್ತಾಳೆ ಡಾಕ್ಟ್ರೇ, ಅವಳೇ ಸರಿಯಾಗಿ ತಿನ್ನಲ್ಲ” ಎಂದರು. ಅಮ್ಮ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿದಳು. ನಲವತ್ತು ವರ್ಷ ಒಂದು ಮನೆಗೆ ಸೊಪ್ಪು ಸೋಸಿದ ಹೆಂಗಸು!

ಅಪ್ಪ ಸುಳ್ಳು ಹೇಳಲಿಲ್ಲ. ಅವರಿಗೆ ಕಂಡದ್ದೇ ಅಷ್ಟು. ಅವರು ಉಂಡೇಳುವ ಹೊತ್ತಿಗೆ ಪಾತ್ರೆ ತುಂಬಿರುತ್ತಿತ್ತು, ಅಮ್ಮ ಉಣ್ಣುವುದನ್ನು ಅವರು ಎಂದೂ ನೋಡಿರಲಿಲ್ಲ.

ಸೌತೆಕಾಯಿಯಲ್ಲಿ ಕಬ್ಬಿಣವಿದೆ, ಕೋಸಂಬರಿ ತಿಂದಿದ್ದರೆ ಅಮ್ಮನಿಗೆ ರಕ್ತಹೀನತೆ ಬರುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅಷ್ಟು ಇಳಿದ ರಕ್ತ ಏರಬೇಕಾದರೆ ಮಾತ್ರೆ ಬೇಕು, ಅವಳಿಗೂ ಮಾತ್ರೆಯಿಂದಲೇ ಏರಿತು. ನಾನು ಹೇಳುವುದು ಆ ಮೂರು ಗಂಟೆಯ ಊಟದ ಬಗ್ಗೆ. ಬೇಳೆಯೂ ಸೊಪ್ಪೂ ತಳ ಸೇರಿ, ಉಳಿದದ್ದರಿಂದ ಹೊಟ್ಟೆ ತುಂಬುವುದು ಬರೀ ಅನ್ನ. ಅದರ ಬೆನ್ನಿಗೇ ಕಾಫಿ. ಕಾಫಿ, ಚಹಾ ಕಬ್ಬಿಣ ಹೀರುವುದಕ್ಕೆ ಅಡ್ಡಿ ಬರುತ್ತವೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಅವು ಬೇಡ ಎಂದು ಅದೇ 2024ರ ಮಾರ್ಗಸೂಚಿ ಹೇಳುತ್ತದೆ. ಒಂದೂವರೆಗೆ ಉಂಡ ಅಪ್ಪನಿಗೆ ಮೂರೂವರೆಯ ಕಾಫಿಯಿಂದ ಏನೂ ಬಾಧೆಯಿಲ್ಲ. ಅದೇ ಕಾಫಿ, ಅದೇ ಮನೆ, ಅದೇ ಗಡಿಯಾರ. ಕೊನೆಗೆ ಉಂಡವಳಿಗೆ ಮಾತ್ರ ನಷ್ಟ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಮುಟ್ಟು, ಹೆರಿಗೆ ಇವುಗಳಿಂದ ಹೆಂಗಸಿನ ರಕ್ತ ಹೋಗುತ್ತದೆ, ನಿಜ. ಹಾಗಿದ್ದ ಮೇಲೆ ಯಾರು ಮೊದಲು ಕೂರಬೇಕಿತ್ತು? ಹೆಚ್ಚು ಕಳೆದುಕೊಳ್ಳುವವಳಿಗೆ ಕಡೆಯ ಪಾಲು ಎಂಬ ಈ ಲೆಕ್ಕ ಯಾವ ಅಂಗಡಿಯವನು ಬರೆದದ್ದು?

“ತನಗೆ ಒಂದು ಬಟ್ಟಲು ಮೊದಲೇ ತೆಗೆದಿಟ್ಟುಕೊಳ್ಳಲಿ, ಯಾರು ಬೇಡ ಅಂದರು?” ಎನ್ನುವವರಿದ್ದಾರೆ. ತೆಗೆದಿಟ್ಟುಕೊಂಡು ನೋಡಿ. ಉಪ್ಪು ಹಾಕದೆ ತೆಗೆದಿಟ್ಟರೂ ಅದನ್ನು ಮುಚ್ಚಿಡಬೇಕಾಗುತ್ತದೆ, ತನ್ನ ಮನೆಯಲ್ಲೇ ಕಳ್ಳಿಯ ಹಾಗೆ. ಎರಡನೆಯ ಸಲ ಯಾರಾದರೂ “ಕೋಸಂಬರಿ ಇನ್ನೂ ಇದೆಯಾ?” ಎಂದು ಕೇಳಿದರೆ, ಮುಚ್ಚಿಟ್ಟ ಬಟ್ಟಲಿನ ಕಡೆ ಕೈ ತಾನೇ ಹೋಗುತ್ತದೆ. ಹೋಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ನಮ್ಮನ್ನು ಬೆಳೆಸಿದ್ದೇ ಹಾಗೆ.

ಇನ್ನೊಂದು ಮಾತು ನಮ್ಮದೇ ಬಾಯಿಂದ ಬರುವಂಥದು: “ಎಲ್ಲರೂ ಹೊಟ್ಟೆ ತುಂಬ ಉಂಡರೆ ನನಗೆ ಅದರಲ್ಲೇ ತೃಪ್ತಿ.” ಈ ಮಾತನ್ನು ಇಪ್ಪತ್ತು ವರ್ಷ ನಾನೂ ಹೇಳಿದ್ದೇನೆ, ಬಂದ ನೆಂಟರ ಮುಂದೆ, ತುಸು ಹೆಮ್ಮೆಯಿಂದಲೇ. ತೃಪ್ತಿಯಿಂದ ಹಿಮೋಗ್ಲೋಬಿನ್ ಏರುವುದಿಲ್ಲ. ಅಮ್ಮನ ರಕ್ತದ ವರದಿ ಕೈಯಲ್ಲಿ ಹಿಡಿದು ನೋಡಿದವಳೇ ನಾನು, ಧಾರವಾಡಕ್ಕೆ ಹಿಂತಿರುಗಿ ಮತ್ತೆ ಹಂಚಿನ ಮುಂದೆ ನಿಂತೆ. ಕಂಡರೂ ಕಲಿಯಲಿಲ್ಲ. ಈ ಕೋಪದಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ.

ದಾರಿ ತೋರಿಸಿದ್ದು ಎಳ್ಳಮಾವಾಸ್ಯೆ. ಈ ಕಡೆಯವರಿಗೆ ಗೊತ್ತು; ಉಳಿದವರಿಗಾಗಿ ಹೇಳುತ್ತೇನೆ. ಆ ದಿನ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬೆಳೆದು ನಿಂತ ಪೈರಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಗಡಿಗೆಯ ಮೊಸರು. ಕಡಲೆ ಗಿಡ ಕಿತ್ತು ಹಸಿ ಕಾಳು ಬಿಡಿಸಿ ತಿನ್ನುವುದು, ಬದುವಿನ ಹಕ್ಕರಕಿ ಹರಿದು ರೊಟ್ಟಿಯೊಳಗೆ ಸುತ್ತಿಕೊಳ್ಳುವುದು. ನಮ್ಮ ಅತ್ತೆಯವರ ತಮ್ಮನ ಹೊಲಕ್ಕೆ ನಾವು ಪ್ರತಿ ವರ್ಷ ಹೋಗುತ್ತೇವೆ. ಹತ್ತು ಹನ್ನೆರಡು ವರ್ಷದ ಹಿಂದೆ ಹಾಗೆ ಹೋದಾಗ ರೊಟ್ಟಿ ಮುರಿಯುತ್ತಾ ಸುತ್ತ ನೋಡಿದೆ. ಅತ್ತೆ ಕೂತಿದ್ದರು. ಅವರ ನಾದಿನಿ ಕೂತಿದ್ದರು. ನಾನೂ ಕೂತಿದ್ದೆ. ಗಂಡಸರ ಜೊತೆಗೆ, ಅದೇ ಹೊತ್ತಿಗೆ, ಅದೇ ಹಸಿ ಕಡಲೆ. ಹೇಗೆ ಸಾಧ್ಯವಾಯಿತು? ಹಂಚು ಮನೆಯಲ್ಲಿತ್ತು! ಅಡುಗೆಯೆಲ್ಲ ಮುಗಿಸಿ ತಂದದ್ದರಿಂದ ಯಾರೂ ‘ಬಿಸಿ ತಾ’ ಎನ್ನುವಂತಿರಲಿಲ್ಲ. ಸ್ತ್ರೀಯರ ಸಮಾನತೆಗೆ ಆ ದಿನ ಅಡ್ಡಿಯಾಗಿದ್ದದ್ದು ಒಂದು ಕಬ್ಬಿಣದ ಹಂಚು ಮಾತ್ರ, ಅದು ಹದಿನೈದು ಮೈಲಿ ದೂರದಲ್ಲಿ ತಣ್ಣಗಿತ್ತು.

ಮರುದಿನ ಮನೆಯಲ್ಲಿ ಹೇಳಿದೆ: “ಇನ್ನು ಮೇಲೆ ಮೊದಲು ಕೋಸಂಬರಿ. ಒಲೆ ಹೊತ್ತಿಸುವ ಮೊದಲು ಎಲ್ಲರೂ ಕೂತು ತಿನ್ನೋದು. ನಾನೂ ಕೂರ್ತೀನಿ. ಚಪಾತಿ ಆಮೇಲೆ.” ಎಲೆಯ ಮೇಲೆ ಹೇಗೂ ಅದೇ ಮೊದಲು ಬೀಳುವುದು, ನಾನು ಹೊಸದೇನೂ ಹೇಳಲಿಲ್ಲ. ಆದರೂ ಮನೆಯಲ್ಲಿ ಭೂಕಂಪವಾಯಿತು. ನಮ್ಮ ಯಜಮಾನರು ಕೂಗಾಡುವ ಸ್ವಭಾವದವರಲ್ಲ. “ಊಟ ಎರಡು ಕಂತಿನಲ್ಲೇನು?” ಎಂದು ಕೇಳಿ ಸುಮ್ಮನಾದರು, ಆ ಸುಮ್ಮನಿರುವಿಕೆ ಒಂದು ವಾರ ನಡೆಯಿತು. ಮಗ, “ಬರೀ ಹುಲ್ಲು ತಿಂದು ಕೂತಿರಬೇಕಾ?” ಎಂದ. ಅತ್ತೆ ನನಗೆ ಕೇಳಿಸುವ ಹಾಗೆ ದೇವರ ಮನೆಯಲ್ಲಿ ಹೇಳಿಕೊಂಡರು, “ನಮ್ಮ ಕಾಲಕ್ಕ ಗಂಡಸರ ಮುಂದ ಬಾಯಾಡಿಸ್ತಿದ್ದಿಲ್ಲವಾ.”

ಎರಡನೆಯ ವಾರ ಹೆಚ್ಚುವ ಕೆಲಸವನ್ನೂ ಹಂಚಿದೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಬೇಳೆ ಬೆಳಗ್ಗೆಯೇ ನೆನೆದು ಬಸಿದಿರುತ್ತದೆ. ಸೌತೆಕಾಯಿಯ ತುದಿ ಕೊಯ್ದು ಕಹಿ ಇದೆಯೇ ಎಂದು ನೆಕ್ಕಿ ನೋಡಬೇಕು. ಬಲಿತಿದ್ದರೆ ನಡುವಿನ ಬೀಜದ ತಿರುಳು ತೆಗೆಯಬೇಕು, ಇಲ್ಲದಿದ್ದರೆ ಇನ್ನೂ ಬೇಗ ನೀರು ಬಿಡುತ್ತದೆ. ತೊಳೆದದ್ದನ್ನು ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಬೇಕು. ಒಗ್ಗರಣೆ ಮಾಡಿ ಆರಲು ಬಿಡಬೇಕು, ಬಿಸಿಯಾಗಿ ಸುರಿದರೆ ಕೊತ್ತಂಬರಿ ಬಾಡುತ್ತದೆ. ಉಪ್ಪು, ನಿಂಬೆರಸ ಕಟ್ಟಕಡೆಗೆ, ಎಲ್ಲರೂ ಕೂತ ಮೇಲೆ, ಅಲ್ಲೇ ಮೇಜಿನ ಮೇಲೆ. “ಕೂತಾಯ್ತಾ?” ಎಂದು ಕೇಳಿ ಉಪ್ಪು ಉದುರಿಸುತ್ತೇನೆ. ಒಬ್ಬರು ಫೋನು ಹಿಡಿದು ಹೊರಗೆ ನಿಂತಿದ್ದರೂ ಉಪ್ಪು ಬೀಳುವುದಿಲ್ಲ. ಆರಂಭದಲ್ಲಿ ಇದು ಅವರಿಗೆ ಹಿಂಸೆ. ಈಗ ಅವರವರೇ ಕೂಗಿ ಕರೆದುಕೊಳ್ಳುತ್ತಾರೆ.

ಗೆಳತಿಯೊಬ್ಬಳು, “ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಗಲಾಟೆಯೇನೇ?” ಎಂದು ಕೇಳಿದಳು. ಹೌದು, ಒಂದು ಬಟ್ಟಲು ಸೌತೆಕಾಯಿ. ಅಷ್ಟು ಸಣ್ಣದಾಗಿದ್ದರೆ ಬಿಟ್ಟುಕೊಡಲು ಅವರಿಗೆ ಒಂದು ವಾರದ ಮೌನ ಏಕೆ ಬೇಕಾಯಿತು? ಅವಳ ಮನೆಯಲ್ಲಿ ಇವತ್ತಿಗೂ ಕೊನೆಯ ಊಟ ಅವಳದೇ. ಅವಳು ಸಲಾಡಿನ ಫೋಟೋಗಳನ್ನು ಫೋನಿನಲ್ಲಿ ನನಗೆ ಕಳಿಸುತ್ತಿರುತ್ತಾಳೆ, ಗಜ್ಜರಿಯ ಗುಲಾಬಿ, ಸೌತೆಯ ಚಕ್ರ, ಬಹಳ ಚೆಂದ. ಫೋಟೋ ತೆಗೆದ ಮೇಲೆ ಅದನ್ನು ಯಾರು ತಿಂದರೆಂದು ನಾನು ಕೇಳುವುದಿಲ್ಲ.

ಅತ್ತೆಯವರು ಮಾತ್ರ ಎರಡು ವರ್ಷ ಹಟ ಬಿಡಲಿಲ್ಲ. ನಾವೆಲ್ಲ ಕೂತಾಗ ಅವರು ಸೊಪ್ಪು ಸೋಸುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ನಾನು ಒತ್ತಾಯಿಸಲಿಲ್ಲ. ಅವರು ಬರುವ ತನಕ ಉಪ್ಪು ಹಾಕದೆ ಕಾಯುವುದಕ್ಕೆ ಶುರು ಮಾಡಿದೆ, ಅಷ್ಟೇ. ಮಗ ಹಸಿವಿನಿಂದ, “ಅಮ್ಮಾ, ಲಗೂನ ಬಾ” ಎಂದು ಹಿತ್ತಲ ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕೂಗುತ್ತಿದ್ದ. ಒಂದು ದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಕುರ್ಚಿಯ ತುದಿಗೆ ಕೂತರು, ಯಾವ ಕ್ಷಣಕ್ಕಾದರೂ ಎದ್ದು ಹೋಗುವವರ ಹಾಗೆ. ಮೂಲಂಗಿ, ಸೌತೆ, ಮೇಲೆ ಶೇಂಗಾ ಪುಡಿ ಹಾಕಿದ್ದೆ. ಒಂದು ತುತ್ತು ಅಗಿದರು. ಎರಡನೆಯ ತುತ್ತಿಗೆ ಒಂದು ಹೋಳನ್ನು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು.

“ಯಾರ ಹೆಚ್ಚ್ಯಾರ ಇದನ್ನ? ಇಷ್ಟು ದಪ್ಪ?”

“ನಿಮ್ಮ ಮಗ” ಎಂದೆ.

“ಅದಕ್ಕs” ಎಂದರು. ಬಟ್ಟಲನ್ನು ಮುಂದಕ್ಕೆ ಸರಿಸಿ, “ಇನ್ನಷ್ಟು ಹಾಕು” ಎಂದರು.